ಬಾಯಿ ಮತ್ತು ಸಣ್ಣ ಡಾಕ್ಟರು

ಬಾಯಿ ಈಗ ನಮ್ಮ ಕ್ಲಿನಿಕ್ಕಿನಲ್ಲಿಲ್ಲ. ಇಲ್ಲ ಅಂದ ತಕ್ಷಣ ಗಾಬರಿಯಾಗಬೇಡಿ, ಗಟ್ಟಿಮುಟ್ಟಾಗಿಯೇ ಇದ್ದಾರೆ. ಕೆಲಸ ಬಿಟ್ಟು ಡೊಂಬಿವಲಿಯ ತಂಗಿಯ ಮನೆಗೆ ಹೋಗಿದ್ದಾರೆ, ಅಷ್ಟೆ. ಮಲಾಡಿನಲ್ಲಿ ಕೂತು ನೋಡುವ ನಮ್ಮಂಥ ವೆಸ್ಟರ್ನ್ ರೈಲು ಲೈನಿನವರಿಗೆ ಸಾವಿಗೂ ಊರಾಚೆಯ ಡೊಂಬಿವಲಿಗೂ ನಡುವೆ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹೋದವರು ಹೋದರು, ಫೋನು ಮಾಡಿದರೆ ಎತ್ತುತ್ತಾರೆ ಅನ್ನುವುದೊಂದೇ ಸಮಾಧಾನ.

ಅವರ ಜಾಗಕ್ಕೆ ಒಂದು ಹುಡುಗಿ ಬಂದಿದ್ದಾಳೆ. ಒಳ್ಳೆಯವಳು, ಕಂಪ್ಯೂಟರು ನೋಡಿ ಸರದಿ ಹೇಳುತ್ತಾಳೆ. ಆದರೂ ಹಳೇ ಪೇಶಂಟುಗಳು ಮೆಟ್ಟಿಲು ಹತ್ತಿ ಬಂದವರೇ ಆ ಕಡೆ ಈ ಕಡೆ ನೋಡಿ, "ಬಾಯಿ ಎಲ್ಲಿ?" ಅನ್ನುತ್ತಾರೆ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ನಿಂತು ಹಾಗೆ ಕೇಳಿದರೆ ಹೊಸಬರು ತಿರುಗಿ ನೋಡದೆ ಇರುತ್ತಾರೆಯೇ?

ಅವರಿಗೂ ಒಂದು ಹೆಸರಿತ್ತು, ಅದನ್ನು ಯಾರೂ ಬಳಸಲಿಲ್ಲ. ಮುಂಬಯಿಯಲ್ಲಿ ವಯಸ್ಸಾದ ಹೆಂಗಸನ್ನು ಬಾಯಿ ಅನ್ನುವುದು ರೂಢಿ. ಮನೆಗೆಲಸಕ್ಕೆ ಬರುವವಳೂ ಬಾಯಿ, ಶಾಲೆಯಲ್ಲಿ ಪಾಠ ಹೇಳುವವಳೂ ಬಾಯಿ. ವಿಜಯಪುರದ ಕಡೆಯ ಅವರಿಗೂ ಆ ಮಾತು ಹೊಸದಲ್ಲ. ಅವರ ಮನೆತನದ ಹೆಂಗಸರ ಹೆಸರುಗಳ ತುದಿಗೆಲ್ಲ ಬಾಯಿ ಅಂಟಿಕೊಂಡೇ ಇತ್ತು. ತೊಂದರೆಯಾದದ್ದು ನಮ್ಮದು ಹಲ್ಲಿನ ದವಾಖಾನೆ ಆದದ್ದರಿಂದ, ಮತ್ತು ಡಾಕ್ಟರು ಕನ್ನಡ ಮಾತಾಡುವ ಬೆಂಗಳೂರಿನವರಾದದ್ದರಿಂದ.

ನಮ್ಮ ಕ್ಲಿನಿಕ್ಕು ಇರುವುದು ಮಲಾಡ್ ವೆಸ್ಟಿನಲ್ಲಿ, ಸ್ಟೇಷನ್ನಿಗೆ ಹತ್ತಿರ. ಕೆಳಗೆ ಸ್ಟೀಲು ಪಾತ್ರೆಯ ಅಂಗಡಿ, ಮೇಲೆ ನಾವು. ನಾನು ಮದುವೆಯಾಗಿ ಹಾಸನದಿಂದ ಈ ಊರಿಗೆ ಬಂದವಳು. ಡಾಕ್ಟರ ಕೈಕೆಳಗೆ ಕೆಲಸ, ಒಳಗಿನ ಚಿಕ್ಕ ಮೇಜು ನನ್ನದು. ಬಿಲ್ಲು, ಔಷಧಿ ಚೀಟಿ, ಹತ್ತಿ, ಕೈಗವಸು, ಬಾಯಿ ಮುಕ್ಕಳಿಸುವ ಕಾಗದದ ಲೋಟ, ಇವೆಲ್ಲ ನನ್ನ ಪಾಲಿಗೆ. ಹೊರಗಿನ ಕಾಯುವ ಕೋಣೆ ಪೂರ್ತಿ ಬಾಯಿಯದು. ಯಾರು ಮೊದಲು, ಯಾರು ಆಮೇಲೆ, ಯಾರಿಗೆ ನಿಜವಾಗಿ ನೋವು, ಯಾರು ನೋವೆಂದು ಮುಖ ಕಿವುಚಿ ಸರದಿ ಹಾರಿಸಲು ನೋಡುತ್ತಿದ್ದಾರೆ, ಎಲ್ಲ ಅವರಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಹತ್ತಿಯ ಸೀರೆ, ಎಸಿಯ ಚಳಿಗೆಂದು ಅದರ ಮೇಲೆ ಗಂಡಸರ ಬೂದು ಸ್ವೆಟರು, ಮಾತಾಡುವಾಗಲೂ ನಗುವಾಗಲೂ ಬಾಯಿಗೆ ಅಡ್ಡ ಹಿಡಿದ ಸೆರಗು. ಹೀಗೆ ಕೂತಿರುತ್ತಿದ್ದರು.

ಮೊದಮೊದಲು ಡಾಕ್ಟರು ಒಳಗೆ ಕನ್ನಡದ ಪೇಶಂಟಿಗೆ "ಬಾಯಿ ತೆಗೀರಿ" ಅಂದರೆ ಸಾಕು, ಪಟ್ಟನೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಹೊಸ್ತಿಲಲ್ಲಿ ಬಾಯಿ ನಿಂತಿರುತ್ತಿದ್ದರು.

"ತಗದೇನ್ರಿ ಸಾಹೇಬ್ರ. ಏನ ಬೇಕಾಗಿತ್ತು?"

ನಿಮಗಲ್ಲ ಬಾಯಿ, ಇವರಿಗೆ ಹೇಳಿದ್ದು ಅಂತ ಡಾಕ್ಟರು ಮಾಸ್ಕಿನ ಹಿಂದಿನಿಂದ ಸಮಾಧಾನ ಹೇಳಬೇಕು. ಇನ್ನು ಸ್ವಲ್ಪ ಹೊತ್ತಿಗೆ ಅದೇ ಪೇಶಂಟಿಗೆ "ಈಗ ಬಾಯಿ ಮುಚ್ಚಿ" ಅಂದರೆ, ಹೊರಗೆ ಯಾರೊಡನೆಯೋ ಮಾತಿನಲ್ಲಿದ್ದ ಬಾಯಿ ಅದು ತಮಗೇ ಹೇಳಿದ್ದೆಂದು ಮುಖ ಉಬ್ಬಿಸಿಕೊಂಡು ಬಾಗಿಲು ದಢಾರನೆ ಎಳೆದುಕೊಳ್ಳುವರು. ಚಹಾ ಬರುವವರೆಗೆ ಮೌನ. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲವೇ ಎಂಬುದು ನನಗೆ ಈಗಲೂ ಅನುಮಾನ. ಒಳಗೆ ಯಾರ ಹಲ್ಲಿಗೆ ಏನಾಯಿತೆಂದು ಇಣುಕಿ ನೋಡಲು ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗುತ್ತದೆ? ಕೊನೆಗೆ ಸೋತವರು ಡಾಕ್ಟರು. ಪೇಶಂಟುಗಳಿಗೆ "ಆ ಅನ್ನಿ" ಅನ್ನಲು ಶುರು ಮಾಡಿದರು. ಅವರ ಮಾತಿನಲ್ಲಿ ಬಾಯಿ ಅಂದರೆ ಅಲ್ಲಿಂದ ಮುಂದೆ ನಮ್ಮ ಬಾಯಿಯೊಬ್ಬರೇ.

ಡಾಕ್ಟರಿಗೆ ಇದ್ದ ಒಂದೇ ಚಟ ಮೀನು. ತಿನ್ನುವುದಲ್ಲ, ಸಾಕುವುದು. ಕಾಯುವ ಕೋಣೆಯ ಒಂದು ಗೋಡೆಯುದ್ದಕ್ಕೂ ಉಪ್ಪುನೀರಿನ ಗಾಜಿನ ತೊಟ್ಟಿ ಇಡಿಸಿದ್ದರು. ಅದರಲ್ಲಿ ಬಿಳಿ ಮೈಗೆ ಕರಿ ಚುಕ್ಕೆಯ ಒಂದು ದೊಡ್ಡ ಮೀನಿತ್ತು. ದಪ್ಪ ತುಟಿ, ಸದಾ ಯಾರ ಮೇಲೋ ಮುನಿಸಿಕೊಂಡ ಮುಖ. ಮಂಗಳೂರು ಕಡೆಯವರು ಬಂದರೆ ಹಲ್ಲುನೋವು ಮರೆತು, ಇದನ್ನು ಹುರಿದರೆ ಎಷ್ಟು ಜನಕ್ಕಾದೀತು ಎಂದು ಲೆಕ್ಕ ಹಾಕುತ್ತಿದ್ದರು. ಇನ್ನೊಂದು ಚಿಕ್ಕದು, ಬೆರಳುದ್ದದ್ದು, ಹವಳದ ದಿಬ್ಬಗಳ ಸಂದಿಯಲ್ಲಿ ಬದುಕುವ ಜಾತಿ. ಅಂಗಡಿಯವರು ಕ್ಲೀನರ್ ಅನ್ನುತ್ತಾರೆ. ನೀಲಿ ಮೈ, ಮುಖದಿಂದ ಬಾಲದವರೆಗೆ ಕಾಡಿಗೆಯಲ್ಲಿ ಎಳೆದಂಥ ಒಂದು ಕಪ್ಪು ಗೆರೆ. ಸಮುದ್ರದಲ್ಲಿ ಇದರ ಉದ್ಯೋಗವೇ ದೊಡ್ಡ ಮೀನುಗಳ ಮೈಮೇಲಿನ, ಕಿವಿರಿನ, ಬಾಯೊಳಗಿನ ಹುಳುಗಳನ್ನು ಹೆಕ್ಕಿ ತಿನ್ನುವುದು. ಮೇಲೆ ಕೆಳಗೆ ಕುಣಿದು ತಾನಿದ್ದೇನೆಂದು ಸಾರುತ್ತದೆ. ಅದನ್ನು ಕಂಡದ್ದೇ ನಮ್ಮ ಮುನಿಸಿನ ಮೀನು ನಿಂತಲ್ಲೇ ನಿಂತು, ಬಣ್ಣ ಇಳಿಸಿಕೊಂಡು, ಬಾಯನ್ನು ಗುಹೆಯ ಹಾಗೆ ತೆರೆಯುವುದು. ಚಿಕ್ಕದು ನೆಟ್ಟಗೆ ಒಳಗೆ ಹೋಗಿ, ಮೂಲೆ ಮೂಲೆ ನೋಡಿಕೊಂಡು, ಕಿವಿರಿನ ಕಡೆಯಿಂದ ಆರಾಮವಾಗಿ ಹೊರಗೆ ಬರುವುದು.

ಇದನ್ನು ಮೊದಲ ಸಲ ನೋಡಿದ ದಿನ ಬಾಯಿ ಕುರ್ಚಿಯಿಂದ ಎದ್ದು ನಿಂತರು. ದೊಡ್ಡದಕ್ಕೆ ಅಂದೇ "ಪೇಶಂಟ್" ಎಂದು ಹೆಸರಿಟ್ಟರು, ಚಿಕ್ಕದಕ್ಕೆ "ಸಣ್ಣ ಡಾಕ್ಟರು". ಶುದ್ಧ ಶಾಕಾಹಾರಿಯಾದ ಅವರು ದಿನಾ ಬೆಳಿಗ್ಗೆ ದೀಪದ ಸ್ವಿಚ್ಚು ಹಾಕಿ, ಸಣ್ಣ ಡಾಕ್ಟರಿಗೆ ಒಂದು ನಮಸ್ಕಾರ ಹಾಕಿಯೇ ಕೂರುತ್ತಿದ್ದರು.

ಹೆದರಿದ ಪೇಶಂಟುಗಳನ್ನು ಬಾಯಿ ಮೊದಲು ಕಳಿಸುತ್ತಿದ್ದದ್ದು ಡಾಕ್ಟರ ಹತ್ತಿರ ಅಲ್ಲ, ತೊಟ್ಟಿಯ ಹತ್ತಿರ. ನೋಡ್ರಿ, ಎಷ್ಟ ದೊಡ್ಡ ಮೀನ ಐತಿ, ಆದ್ರ ಹೆಂಗ ಬಾಯಿ ತಗದ ನಿಂತೈತಿ, ಒಂದರೆ ಸಪ್ಪಳ ಮಾಡ್ತೈತೇನು, ಅಂತ ಕೇಳುವರು. ಮಕ್ಕಳು ತಾವೂ ಬಾಯಿ ತೆರೆದುಕೊಂಡು ನೋಡುವವು. ಹಾಗೆ ತೆರೆದ ಬಾಯಿಯ ಸಮೇತ ಅವರನ್ನು ಒಳಗೆ ದಾಟಿಸಿಬಿಡುವರು. ಗುಜರಾತಿಗಳಿಗೆ, ಮರಾಠಿಗಳಿಗೆ ಇದೇ ಪಾಠ ವಿಜಯಪುರದ ಹಿಂದಿಯಲ್ಲಿ ನಡೆಯುತ್ತಿತ್ತು. ಪಾಠದ ಕೊನೆಗೆ ಒಂದೇ ಮಾತು: "ಏನೂ ಆಗೂದಿಲ್ಲ. ಇರುವಿ ಕಡದಂಗ." ದವಡೆ ಹಲ್ಲು ಕೀಳಿಸಿಕೊಳ್ಳುವವರಿಗೂ ಇರುವೆ, ಒಸಡು ಕೊಯ್ಯಿಸಿಕೊಳ್ಳುವವರಿಗೂ ಅದೇ ಇರುವೆ.

ಸಣ್ಣ ಡಾಕ್ಟರ ಬಗ್ಗೆ ಅವರು ಹೇಳುತ್ತಿದ್ದ ಸಂಗತಿಗಳಲ್ಲಿ ಮುಕ್ಕಾಲು ಪಾಲು ಅವರೇ ಹುಟ್ಟಿಸಿದ್ದು. ಅದು ಲಕ್ಷದ್ವೀಪದಲ್ಲಿ ಟ್ರೇನಿಂಗ್ ಮುಗಿಸಿ ಬಂದಿದೆ, ಏಕಾದಶಿಗೆ ಉಪವಾಸ ಇರುತ್ತದೆ, ಸಿಹಿ ತಿಂದವರನ್ನು ಕಂಡರೆ ಬಂಡೆಯ ಹಿಂದೆ ಹೋಗುತ್ತದೆ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗುತ್ತದೆ ಅಂದಾಗ ಮಾತ್ರ ನಾನು ತಡೆಯಲಾರದೆ ನಕ್ಕಿದ್ದೆ. ಡಾಕ್ಟರು ಅಷ್ಟೇ ಗಂಭೀರವಾಗಿ, ಅದೊಂದು ನಿಜ, ಈ ಜಾತಿಯ ಮೀನು ಮಲಗುವಾಗ ಮೈಸುತ್ತ ಲೋಳೆಯ ತೆಳ್ಳನೆ ಗೂಡು ಕಟ್ಟಿಕೊಳ್ಳುತ್ತದೆ ಅಂದರು. ಬಾಯಿಗೇ ಆಶ್ಚರ್ಯವಾಯಿತು. ತಾವು ಹೇಳಿದ ಸುಳ್ಳು ನಿಜವಾದದ್ದಕ್ಕೆ ಎರಡು ದಿನ ಅಸಮಾಧಾನದಲ್ಲಿದ್ದರು.

ಫೋನಿನಲ್ಲಿ ಯಾರಾದರೂ ಡಾಕ್ಟರು ಇದ್ದಾರೆಯೇ ಅಂದರೆ, "ದೊಡ್ಡವರು ಊಟಕ್ಕ ಹೋಗ್ಯಾರ, ಸಣ್ಣವರು ಅದಾರ ನೋಡ್ರಿ. ಆದ್ರ ಅವರು ಮಾತ ಕಡಿಮಿ," ಅನ್ನುವರು. ಒಬ್ಬ ಅಜ್ಜಿ ದೊಡ್ಡವರ ಕೈ ಭಾರ, ನನಗೆ ಸಣ್ಣವರೇ ನೋಡಲಿ ಎಂದು ಹಟ ಹಿಡಿದು ಒಂದು ಗಂಟೆ ಕೂತಿದ್ದರು.

ಇಷ್ಟೆಲ್ಲ ಧೈರ್ಯ ಹಂಚುವ ಬಾಯಿ ತಾವು ಮಾತ್ರ ಒಂದು ದಿನವೂ ಒಳಗಿನ ಪೇಶಂಟಿನ ಕುರ್ಚಿಯಲ್ಲಿ ಕೂತವರಲ್ಲ. ಅವರ ಎಡಗಡೆ ದವಡೆಯಲ್ಲಿ ಒಂದು ಹಲ್ಲು ಮುರಿದು ಕೊಳೆಯುತ್ತಿತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ. ಮಧ್ಯಾಹ್ನ ಜೊತೆಯಲ್ಲಿ ಡಬ್ಬಿ ಬಿಚ್ಚುವಾಗ ಅವರು ಖಡಕ್ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ, ಬಲಗಡೆಯಿಂದ ಮಾತ್ರ ಅಗಿಯುವುದನ್ನು ನೋಡಿ ನೋಡಿ ತಿಳಿದುಕೊಂಡಿದ್ದೆ. ಸ್ವೆಟರಿನ ಜೇಬಿನಲ್ಲಿ ಲವಂಗದೆಣ್ಣೆಯ ಚಿಕ್ಕ ಸೀಸೆ, ಅದರ ಸುತ್ತ ಹತ್ತಿ. ಬೇರೆಲ್ಲಿಯಾದರೂ ಆ ವಾಸನೆ ಹಿಡಿದು ಯಾರಾದರೂ ಕೇಳುತ್ತಿದ್ದರು. ಹಲ್ಲಿನ ದವಾಖಾನೆಯ ಗೋಡೆಗಳೇ ಲವಂಗ ನಾರುವಾಗ ಯಾರ ಮೂಗು ಗುರುತು ಹಿಡಿಯಬೇಕು? ಬಾಯಿ ಅಡಗಿಕೊಳ್ಳಲು ಮುಂಬಯಿಯಲ್ಲೇ ಅತ್ಯಂತ ಸುರಕ್ಷಿತವಾದ ಜಾಗದಲ್ಲಿ ಅಡಗಿಕೊಂಡಿದ್ದರು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಕೆನ್ನೆ ಸಣ್ಣಗೆ ಊದತೊಡಗಿತು. ಸಂಜೆಯಾದರೆ ಮೈ ಬಿಸಿ. ನಾನು ಎಚ್ಚರಿಸಿದೆ. ಕೀವು ದವಡೆಗೆ ಇಳಿದು, ಹಲ್ಲು ಬಿಡಿಸಲಾಗದಂತೆ ಕಚ್ಚಿಕೊಂಡು, ದೊಡ್ಡ ಆಸ್ಪತ್ರೆಗೆ ಹೋದ ಪೇಶಂಟುಗಳನ್ನು ನಾವಿಬ್ಬರೂ ಕಂಡವರೇ. ಅದಕ್ಕೆ ಬಾಯಿ, ಗಾಳಿ ಹೊಡೆದಿದೆ, ಹೋಗುತ್ತದೆ ಅಂದರು. ಡಾಕ್ಟರ ಕಿವಿಗೆ ಹಾಕುತ್ತೇನೆ ಅಂದದ್ದಕ್ಕೆ ಸೆರಗು ತೆಗೆದು ನನ್ನನ್ನೇ ದಿಟ್ಟಿಸಿದರು.

"ಹೇಳ್ ತಂಗಿ, ಬೇಕಾದ್ರ ಹೇಳು. ನಾಳೆಯಿಂದ ನಾ ಈ ಮೆಟ್ಟಲಾ ಹತ್ತೂದಿಲ್ಲ. ಬಾಯೀಗೇ ಅಂಜಿಕಿ ಅಂತ ಗೊತ್ತಾದ್ರ ಈ ಮಂದಿ ನನ್ನ ಮಾತ ಕೇಳ್ತಾರೇನ?"

ಆ ಮಂದಿಯಲ್ಲಿ ಮುಖ್ಯರಾದವರು ಸಾವಕಾರರು. ಬೆಳಗಾವಿ ಕಡೆಯವರು, ಮಲಾಡ್ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ. ಬಾಗಿಲಲ್ಲಿ ಬರುವಾಗ ಭುಜ ಓರೆ ಮಾಡಿಕೊಳ್ಳಬೇಕು, ಅಂಥ ಆಳು. ಅವರ ಒಂದು ದವಡೆ ಹಲ್ಲು ಕೀಳಬೇಕಿತ್ತು. ಮೊದಲ ಸಲ ಬಂದಾಗ ಸ್ಕೂಟರು ತಪ್ಪು ಜಾಗದಲ್ಲಿ ನಿಲ್ಲಿಸಿದ್ದೇನೆ ಎಂದು ಹೋದವರು ಬರಲಿಲ್ಲ. ಇನ್ನೊಂದು ಸಲ, ಬಾರದ ಫೋನನ್ನು ಕಿವಿಗಿಟ್ಟುಕೊಂಡು ಮಾತಾಡುತ್ತ ಮೆಟ್ಟಿಲಿಳಿದರು. ಮತ್ತೊಂದು ಸಲ ಚಪ್ಪಲಿಯನ್ನೂ ಬಿಟ್ಟು ಹೋದರು. ಬಾಯಿಗೆ ಅವರನ್ನು ಕುರ್ಚಿಯಲ್ಲಿ ಕೂರಿಸುವುದು ಮಾನದ ಪ್ರಶ್ನೆಯಾಗಿಬಿಟ್ಟಿತ್ತು. ಬಾಯಿ ತಮ್ಮ ಊದಿದ ಕೆನ್ನೆ ಮುಚ್ಚಿಕೊಂಡು ಸಾವಕಾರರ ಊದಿದ ಕೆನ್ನೆಯನ್ನು ಬಯ್ಯುವುದನ್ನು ನೋಡಿದರೆ ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಸಣ್ಣ ಡಾಕ್ಟರು ತೀರಿಕೊಂಡರು. ನೀರು ಬದಲಿಸಲು ಬಂದವನು ತೊಟ್ಟಿಯ ಮುಚ್ಚಳ ಓರೆಯಾಗಿ ಇಟ್ಟು ಹೋಗಿದ್ದ. ಮೀನು ಸಂದಿಯಿಂದ ಹಾರಿ ಹೊರಗೆ ಬಿದ್ದಿತ್ತು. ಬಾಯಿ ಅದನ್ನು ಔಷಧಿಯ ಡಬ್ಬಿಯಲ್ಲಿಟ್ಟು, ತಮ್ಮ ಬಿಲ್ಡಿಂಗಿನ ತುಳಸಿ ಕುಂಡದಲ್ಲಿ ಮಣ್ಣು ಮಾಡಿದರು. ಬಂದ ಪೇಶಂಟುಗಳಿಗೆ ಮಾತ್ರ ಹೇಳಲಿಲ್ಲ. ಸಣ್ಣ ಡಾಕ್ಟರು ರಜೆಯ ಮೇಲಿದ್ದಾರೆ ಎನ್ನುತ್ತಿದ್ದರು. ತೊಟ್ಟಿಯೊಳಗೆ ಪೇಶಂಟ್ ದಿನಾ ಅದೇ ಜಾಗಕ್ಕೆ ಬಂದು ಬಾಯಿ ತೆರೆದು ನಿಂತು, ಯಾರೂ ಬಾರದೆ, ಮುಚ್ಚಿಕೊಂಡು ಹೋಗುತ್ತಿತ್ತು. ಹೊರಗಿನ ಪೇಶಂಟುಗಳೂ ಕೈ ತಪ್ಪತೊಡಗಿದರು. ಇರುವೆಯ ಮಾತಿಗೆ ಸಾಕ್ಷಿ ಹೇಳುವವರು ಇಲ್ಲದಂತಾಗಿತ್ತಲ್ಲ.

ಇನ್ನೊಂದು ತರಲು ಡಾಕ್ಟರಿಗೆ ಮನಸ್ಸಿರಲಿಲ್ಲ. ಇವು ಸಮುದ್ರದಲ್ಲೇ ಚೆನ್ನ, ತೊಟ್ಟಿಯಲ್ಲಿ ಬಹಳ ಬಾಳುವುದಿಲ್ಲ ಅಂದರು. ಬಾಯಿ ಬಿಡಲಿಲ್ಲ. ಕೊನೆಗೆ ಒಂದು ಭಾನುವಾರ ನಾವಿಬ್ಬರೂ ಕುರ್ಲಾಕ್ಕೆ ಹೊರಟೆವು. ಬಣ್ಣದ ಮೀನು ಮಾರುವ ಅಂಗಡಿಗಳು ಅಲ್ಲಿ ಸಾಲಾಗಿವೆ. ಡಾಕ್ಟರು ಅವತ್ತು ಫೋರ್ಟಿನಲ್ಲಿ ಯಾವುದೋ ಸಭೆಯಲ್ಲಿದ್ದರು.

ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಅಂಧೇರಿ ದಾಟಿದ ಮೇಲೆ ಬಾಯಿ ತಾವಾಗಿಯೇ ಹೇಳಿದರು. ಚಿಕ್ಕವರಿದ್ದಾಗ ಊರಲ್ಲಿ ಒಬ್ಬ ಹಲ್ಲು ಕೀಳುವವನು ಸಂತೆಗೆ ಬರುತ್ತಿದ್ದನಂತೆ. ಇವರನ್ನು ನಾಲ್ಕು ಮಂದಿ ಹಿಡಿದುಕೊಂಡರಂತೆ, ಅವರಲ್ಲಿ ಒಬ್ಬರು ಅಪ್ಪ. ಏನೂ ಆಗುವುದಿಲ್ಲ ಮಗಳೇ ಅಂತ ಅಪ್ಪ ಹೇಳಿದ್ದರಂತೆ. "ಅಪ್ಪ ಸುಳ್ಳ ಹೇಳಿದ್ದ ಅದೊಂದ ಸಲ," ಅಂದವರು, ದಾದರ್ ಬರುವವರೆಗೆ ಕಿಟಕಿಯ ಹೊರಗೇ ನೋಡುತ್ತ ಕೂತರು.

ಕುರ್ಲಾದ ಗದ್ದಲದಲ್ಲಿ ಇಳಿದದ್ದೇ ಬಾಯಿ ಮತ್ತೆ ಬಾಯಿಯಾದರು. ಅಂಗಡಿಯವನ ಹತ್ತಿರ ಎರಡು ತೊಟ್ಟಿಗಳಲ್ಲಿ ನೀಲಿ ಮೈಯ, ಕಪ್ಪು ಗೆರೆಯ ಮೀನುಗಳಿದ್ದವು. ನನ್ನ ಕಣ್ಣಿಗೆ ಎಲ್ಲ ಒಂದೇ. ಡಾಕ್ಟರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದೆ. ರಿಕ್ಷಾ ಹಾರ್ನು, ಮೇಲೆ ರೈಲು, ಪಕ್ಕದಲ್ಲಿ ಗಿಳಿಗಳ ಕೂಗು. ಅವುಗಳ ನಡುವೆ ಡಾಕ್ಟರ ಮೆತ್ತಗಿನ ದನಿ ಕೇಳಿಸಿತು.

"ನೋಡಿ, ಮೋಸ ಹೋಗಬೇಡಿ. ಬಾಯಿ ನೋಡಿಯೇ ತಗೊಳ್ಳಿ."

ಫೋನು ಕಟ್ಟಾಯಿತು. ಬಾಯಿಯ ಮುಖ ನೋಡಬೇಕಿತ್ತು ನೀವು. ಸೆರಗು ಸರಿಮಾಡಿಕೊಂಡರು. "ಕೇಳಿದೆಲ್ಲ? ಬಾಯಿ ನೋಡಿಯೇ ತಗೋಬೇಕಂತ. ಇಷ್ಟ ವರ್ಷಕ್ಕ ನನ್ನ ಕಿಮ್ಮತ್ತು ಗೊತ್ತಾತು ಸಾಹೇಬ್ರಿಗೆ," ಅಂದರು. ನನಗೂ ಬೇರೆ ಅರ್ಥ ಹೊಳೆಯಲಿಲ್ಲ. ಬಾಯಿ ಎಂಬ ಮಾತನ್ನು ಡಾಕ್ಟರು ಬೇರೆ ಯಾವ ಬಾಯಿಗೂ ಬಳಸುವುದನ್ನು ನಾವು ಕೇಳಿ ಎಷ್ಟು ಕಾಲವಾಗಿತ್ತು.

ಆಮೇಲೆ ಬಾಯಿ ನೋಡಿದರು. ಬದನೆಕಾಯಿ ಆರಿಸುವಾಗ ನೋಡುವ ಹಾಗೆ, ಮುಂದೆ ಬಾಗಿ, ಹಿಂದೆ ಸರಿದು, ಕನ್ನಡಕ ಏರಿಸಿ ಇಳಿಸಿ ನೋಡಿದರು. ಮೊದಲ ತೊಟ್ಟಿಯವು ಮಂಕಾಗಿವೆ ಎಂದು ಬಿಟ್ಟರು. ಎರಡನೆಯದರಲ್ಲಿ ಒಂದು ಬಂಡೆಯ ತೂತಿನಿಂದ ಮುಖ ಹೊರಗೆ ಹಾಕಿ ಇವರನ್ನೇ ನೋಡುತ್ತಿತ್ತು. "ಇದ ಚುರುಕ ಐತಿ," ಅಂದರು. ಅಂಗಡಿಯವನು, "ಕ್ಲೀನರ್ ಹೈ ಬಾಯಿ, ಏಕ್‌ದಮ್ ಒರಿಜಿನಲ್," ಅಂದ. ಕೊಸರಿಗೆ ಒಂದು ಚಿಕ್ಕ ಮೀನು ಹಾಕು ಎಂದು ಬಾಯಿ ಕೇಳಿದಾಗ ಮಾತ್ರ ಅವನು ತನ್ನ ದುಕಾನಿನಲ್ಲಿ ಈ ಪ್ರಶ್ನೆ ಇದೇ ಮೊದಲು ಅಂದ. ನೀರೂ ಗಾಳಿಯೂ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮೀನು, ಆ ಚೀಲ ಬಟ್ಟೆಯ ಕೈಚೀಲದಲ್ಲಿ, ಕೈಚೀಲ ಬಾಯಿಯ ಮಡಿಲಲ್ಲಿ. ದಾರಿಯುದ್ದಕ್ಕೂ ಡಬ್ಬದ ಹೆಂಗಸರಿಗೆ, ಡಾಕ್ಟರ್ ಹೈ, ಡ್ಯೂಟಿ ಪೇ ಜಾ ರಹಾ ಹೈ ಎಂದು ಪರಿಚಯ ಮಾಡಿಕೊಡುತ್ತ ಬಂದರು.

ಆ ಸಂಜೆಯೇ ಕ್ಲಿನಿಕ್ಕು ತೆರೆದು, ಪದ್ಧತಿಯಂತೆ ಚೀಲವನ್ನು ನೀರಲ್ಲಿ ತೇಲಿಬಿಟ್ಟು, ಮೀನು ಹೊಂದಿಕೊಂಡ ಮೇಲೆ ತೊಟ್ಟಿಗೆ ಬಿಟ್ಟೆವು. ಅದು ಸೀದಾ ಬಂಡೆಯ ಸಂದಿ ಸೇರಿತು. ಪ್ರಯಾಣದ ದಣಿವು ಅಂದರು ಬಾಯಿ.

ಮರುದಿನ ಕೋಣೆ ತುಂಬಿತ್ತು. ಸಾವಕಾರರನ್ನು ಬಾಯಿ ಬೆಳಿಗ್ಗೆಯೇ ಫೋನು ಮಾಡಿ, ಸಣ್ಣ ಡಾಕ್ಟರು ರಜೆ ಮುಗಿಸಿ ಬಂದಿದ್ದಾರೆ ಎಂದು ಕರೆಸಿದ್ದರು. ಬಾಯಿಯ ಕೆನ್ನೆಯೂ ಅಂದು ಇನ್ನಷ್ಟು ಊದಿತ್ತು. ಸೆರಗನ್ನು ಕಿವಿಯ ತನಕ ಎಳೆದು ಸಿಕ್ಕಿಸಿಕೊಂಡಿದ್ದರು. ಡಾಕ್ಟರು ಬಂದವರು ಪೇಶಂಟುಗಳ ಗುಂಪು ನೋಡಿ ನೆಟ್ಟಗೆ ಒಳಗೆ ಹೋಗಿಬಿಟ್ಟಿದ್ದರು, ತೊಟ್ಟಿಯ ಕಡೆ ನೋಡಿರಲಿಲ್ಲ.

ಬಾಯಿ ಸಾವಕಾರರನ್ನು ಗಾಜಿನ ಮುಂದೆ ನಿಲ್ಲಿಸಿದರು. ಒಳಗೆ ಹೊಸ ಮೀನು ಸಂದಿಯಿಂದ ಹೊರಬಂದು, ಮೇಲೆ ಕೆಳಗೆ ಕುಣಿಯಿತು. ಅದೇ ಕುಣಿತ. ದಿನಗಟ್ಟಲೆ ಕಾದಿದ್ದ ಪೇಶಂಟ್ ಓಡಿಬಂದು, ಬಣ್ಣ ಇಳಿಸಿ, ಕಣ್ಣು ಅರಳಿಸಿ, ಇದ್ದಷ್ಟೂ ಬಾಯಿ ತೆರೆದು ನಿಂತಿತು. ಬಾಯಿ ಪಾಠ ಶುರು ಮಾಡಿದರು. ನೋಡ್ರಿ ಸಾವಕಾರ್ರ, ಎಷ್ಟ ವಿಶ್ವಾಸ ಐತಿ ನೋಡ್ರಿ, ಏನೂ ಆಗೂದಿಲ್ಲ, ಇರುವಿ, ಅನ್ನುವಷ್ಟರಲ್ಲಿ ಹೊಸ ಮೀನು ತೆರೆದ ಬಾಯಿಯ ಕಡೆ ಹೋಗದೆ, ಮಗ್ಗುಲಿಗೆ ಸರಿದು, ಪೇಶಂಟಿನ ರೆಕ್ಕೆಯ ಅಂಚನ್ನು ಕಚಕ್ಕನೆ ಕಚ್ಚಿ ಕಿತ್ತುಕೊಂಡಿತು.

ಪೇಶಂಟ್ ಎಗರಿದ ರಭಸಕ್ಕೆ ಗಾಜು ಧಡ್ ಎಂದಿತು. ನೀರು ಮುಚ್ಚಳದ ಸಂದಿಯಿಂದ ಚಿಮ್ಮಿ ಸಾವಕಾರರ ಅಂಗಿಗೆ ಬಿತ್ತು. ಅವರು ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡು ಬಾಗಿಲ ತನಕ ಹಿಂದೆ ಸರಿದರು. ಕಾದು ಕೂತವರಲ್ಲಿ ಇಬ್ಬರು ಆಗಲೇ ಎದ್ದಿದ್ದರು. ಸದ್ದು ಕೇಳಿ ಡಾಕ್ಟರು ಹೊರಗೆ ಬಂದರು. ಗಾಜಿನ ಹತ್ತಿರ ಬಗ್ಗಿ ಒಂದು ಕ್ಷಣ ನೋಡಿ, "ಬಾಯಿ ನೋಡಿ ತಗೊಳ್ಳಿ ಅಂದಿದ್ದೆನಲ್ಲ," ಅಂದರು.

"ನೋಡೇ ತಗೊಂಡೇವಿ ಸಾಹೇಬ್ರ."

"ಬಾಯಿ ನೋಡಿದ್ರಾ?"

"ಹೂನ್ರಿ, ನಾನ ನೋಡೀನಿ. ಬೇಕಾದ್ರ ಈಕೀನ್ನ ಕೇಳ್ರಿ."

"ಅಲ್ಲಮ್ಮ, ಅದರ ಬಾಯಿ."

"ಅದರ ಬಾಯಿ ಯಾಕ ಆಗ್ಲಿ ನಾನು? ನಿಮ್ಮ ಕ್ಲಿನಿಕ್ಕಿನ ಬಾಯಿ."

ಡಾಕ್ಟರು ತಲೆ ಮೇಲೆ ಕೈಯಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಆಮೇಲೆ ತಿಳಿಸಿ ಹೇಳಿದರು. ನಿಜವಾದ ಕ್ಲೀನರಿಗೆ ಬಾಯಿ ಮುಖದ ತುದಿಯಲ್ಲೇ ಇರುತ್ತದೆ. ಇದಕ್ಕೆ ಮೂತಿ ಮುಂದೆ ಚಾಚಿ, ಬಾಯಿ ಅದರ ಅಡಿಯಲ್ಲಿ ಅಡಗಿದೆ. ಬಣ್ಣ ಅದೇ, ಗೆರೆ ಅದೇ, ಕುಣಿತವೂ ಅದೇ. ನಂಬಿ ಹತ್ತಿರ ಬಂದ ಮೀನಿನ ಮೈ ಕಚ್ಚಿ ತಿನ್ನುವ ಬೇರೆ ಜಾತಿ ಇದು. ಬಾಯಿ ನೋಡಿದರೆ ಮಾತ್ರ ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಅದನ್ನೇ ಅಲ್ಲವೇ ತಾವು ಫೋನಿನಲ್ಲಿ ಹೇಳಿದ್ದು?

ಮೊದಲು ನಕ್ಕವರು ಕನ್ನಡ ಬಲ್ಲವರು. ಅವರು ನಕ್ಕದ್ದು ಕಂಡು ಗುಜರಾತಿಗಳೂ ನಕ್ಕರು. "ಬೋಗಸ್ ಡಾಕ್ಟರ," ಅಂದರು ಬಾಯಿ ತೊಟ್ಟಿಯ ಕಡೆ ಬೆರಳು ಮಾಡಿ. ಅಂದವರಿಗೇ ತಡೆಯಲಾಗಲಿಲ್ಲ. ಅಷ್ಟು ವರ್ಷ ಸೆರಗ ಮರೆಯಲ್ಲೇ ನಕ್ಕಿದ್ದ ಅವರು ಸೆರಗು ಜಾರಿದ್ದೂ ತಿಳಿಯದೆ, ಹೊಟ್ಟೆ ಹಿಡಿದುಕೊಂಡು ತೆರೆದ ಬಾಯಲ್ಲಿ ನಕ್ಕರು. ನಗುತ್ತಿದ್ದ ಹಾಗೆಯೇ ಅಯ್ಯೋ ಎಂದು ಎಡಗೆನ್ನೆ ಹಿಡಿದುಕೊಂಡು ಕುಸಿದರು.

ಡಾಕ್ಟರ ನಗು ನಿಂತಿತು. ಹಲ್ಲಿನ ಡಾಕ್ಟರ ಕಣ್ಣಿಗೆ ಅಷ್ಟು ಹೊತ್ತು ಸಾಕು. ಎದ್ದು ಅವರ ಮುಂದೆ ನಿಂತರು. ಎಷ್ಟೋ ಕಾಲ ಬಿಟ್ಟಿದ್ದ ಮಾತನ್ನು ತುಂಬ ಮೆತ್ತಗೆ ಹೇಳಿದರು.

"ಬಾಯಿ, ಬಾಯಿ ತೆಗೀರಿ."

ಈ ಸಲ ಬಾಗಿಲ ಕಡೆ ಹೋಗುವಂತಿರಲಿಲ್ಲ. ಇಡೀ ಕೋಣೆ ನೋಡುತ್ತಿತ್ತು. ಬಾಯಿ ನನ್ನ ಕಡೆ ತಿರುಗಿದರು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. ಸಾವಕಾರರು ಬಾಗಿಲಲ್ಲಿ ಒಂದು ಕಾಲು ಹೊರಗಿಟ್ಟು ನಿಂತಿದ್ದರು. ಅವರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

"ಏನ್ ಬಾಯಾರ, ನೀವೂ ನಮ್ಮ ಪೈಕೀನ ಏನು? ಮೊದಲ ನೀವು ಕೂಡ್ರಿ. ನೀವು ಕೂತ ಎದ್ದ ಬರ್ರಿ, ಆಮ್ಯಾಲ ನಾ ಕೂಡ್ತೀನಿ. ಎಲ್ಲಾರ ಮುಂದ ಹೇಳೇನಿ."

ಬಾಯಿ ಹೋಗಲಿಕ್ಕಿಲ್ಲ ಎಂದೇ ನಾನು ಅಂದುಕೊಂಡೆ. ಆದರೆ ಅವರು ಸ್ವೆಟರು ಬಿಚ್ಚಿ ತಮ್ಮ ಕುರ್ಚಿಯ ಬೆನ್ನಿಗೆ ಹಾಕಿದರು, ಜೇಬಿನ ಲವಂಗದೆಣ್ಣೆಯ ಸೀಸೆ ತೆಗೆದು ನನ್ನ ಕೈಯಲ್ಲಿಟ್ಟರು, ಒಳಗೆ ನಡೆದರು. ಕುರ್ಚಿ ಹಿಂದಕ್ಕೆ ವಾಲಿದಾಗ ನನ್ನ ಮುಂಗೈಯನ್ನು ಹಿಡಿದುಕೊಂಡರು. ಬಳೆ ಚುಚ್ಚಿದ ಗುರುತು ಎರಡು ದಿನ ಇತ್ತು. ಡಾಕ್ಟರು ಎಕ್ಸ್‌ರೇ ತೆಗೆದರು, ಬಿಪಿ ನೋಡಿದರು, ಸಕ್ಕರೆ ನೋಡಿದರು. ಇನ್ನು ತಡಮಾಡಿದ್ದರೆ ಕೀವು ಕುತ್ತಿಗೆಗೆ ಇಳಿಯುತ್ತಿತ್ತು, ಇವತ್ತೇ ತೆಗೆಯಬೇಕು ಅಂದರು. ಸೂಜಿ ಕೈಗೆ ತೆಗೆದುಕೊಂಡು ಅಭ್ಯಾಸದಂತೆ, ಏನೂ ಆಗಲ್ಲ ಬಾಯಿ, ಅಂದರು.

ಬಾಯಿ ಅವರ ಕೈ ತಡೆದರು.

"ಅದ ನನ್ನ ಮಾತು ಸಾಹೇಬ್ರ. ಅದನ್ನ ನನಗ ಹೇಳಬ್ಯಾಡ್ರಿ. ಏನ ಆಗತೈತಿ ಅದನ್ನ ಹೇಳ್ರಿ."

ಡಾಕ್ಟರು ಸೂಜಿ ಕೆಳಗಿಟ್ಟರು. ಸ್ಟೂಲು ಎಳೆದು ಕೂತು, ಒಂದೊಂದಾಗಿ ಹೇಳಿದರು. ಸೂಜಿ ಎರಡು ಕಡೆ ಚುಚ್ಚುತ್ತೇನೆ, ಊತ ಇರುವುದರಿಂದ ಚೆನ್ನಾಗಿಯೇ ನೋಯುತ್ತದೆ. ಆಮೇಲೆ ಮರಗಟ್ಟುತ್ತದೆ. ಹಲ್ಲು ಎಳೆಯುವುದು ಗೊತ್ತಾಗುತ್ತದೆ, ಸದ್ದು ಕೇಳುತ್ತದೆ, ಅದು ಹೆದರಿಸುತ್ತದೆ. ಸಂಜೆ ಮತ್ತೆ ನೋವು ಬರುತ್ತದೆ, ಮಾತ್ರೆ ಕೊಡುತ್ತೇನೆ. ಬಾಯಿ ಪ್ರತಿಯೊಂದಕ್ಕೂ ಹೂಂ ಅಂದರು. ಹೇಳಿ ಮುಗಿದ ಮೇಲೆ ಕಣ್ಣು ಮುಚ್ಚಿ, ಯಾರೂ ಹೇಳದೆ, ತಾವಾಗಿಯೇ ಬಾಯಿ ತೆರೆದರು.

ಸಾವಕಾರರು ಬಾಗಿಲು ಹಾಕಗೊಟ್ಟಿರಲಿಲ್ಲ. ಹೊರಗಿನವರೆಲ್ಲ ಕತ್ತು ಉದ್ದ ಮಾಡಿಕೊಂಡಿದ್ದರು. ಸೂಜಿಗೆ ಬಾಯಿ ಕೂಗಿದರು. ಚೆನ್ನಾಗಿಯೇ ಕೂಗಿದರು, ಕೆಳಗಿನ ಪಾತ್ರೆ ಅಂಗಡಿಯವನು ಮೇಲೆ ಬಂದು ನೋಡಿಹೋದ. ಆಮೇಲೆ ಮುಲುಕು. ಆಮೇಲೆ ಬೋಗುಣಿಯಲ್ಲಿ ಹಲ್ಲು ಟಣ್ ಎಂದು ಬಿದ್ದ ಸದ್ದು.

ಹತ್ತಿ ಕಚ್ಚಿಸಿ, ಒಂದು ಗಂಟೆ ಮಾತಾಡಬಾರದು ಎಂದು ಹೇಳಿ ಕಳಿಸಿದರು. ಬಾಯಿ ಹೊರಗೆ ಬಂದಾಗ ಸೆರಗು ಹೆಗಲ ಮೇಲೆಯೇ ಇತ್ತು, ಕಣ್ಣೀರು ಒರೆಸಿಕೊಂಡಿರಲಿಲ್ಲ. ತಮ್ಮ ಜಾಗದಲ್ಲಿ ಹೋಗಿ ಕೂತರು. ಸಾವಕಾರರು ಇವರ ಮುಂದೆ ಬಂದು ನಿಂತರು. ಮುಖದಲ್ಲಿ ಈಗ ತಮಾಷೆ ಇರಲಿಲ್ಲ.

"ಖರೇ ಹೇಳ್ರಿ ಬಾಯಾರ. ಇರುವಿ ಕಡದಂಗ ಏನು?"

ನಾನು ತಡೆಯುವ ಮೊದಲೇ ಬಾಯಿ ಹತ್ತಿ ತೆಗೆದು ಕೈಯಲ್ಲಿ ಹಿಡಿದರು. ಅರ್ಧ ತುಟಿ ಮರಗಟ್ಟಿತ್ತು. ನಿಧಾನವಾಗಿ, ಒಂದೊಂದೇ ಅಕ್ಷರ ಜೋಡಿಸಿಕೊಂಡು ಹೇಳಿದರು.

"ಅಲ್ಲ. ನೋಯತೈತಿ. ಭಾಳ ನೋಯತೈತಿ. ಆದ್ರ ಮುಗೀತೈತಿ."

ಸಾವಕಾರರು ಕೈಗಡಿಯಾರ ಬಿಚ್ಚಿ ಬಾಯಿಯ ಮೇಜಿನ ಮೇಲಿಟ್ಟರು.

"ಇದನ್ನ ಮೊದಲನೇ ದಿನಾನ ಹೇಳಿದ್ರ ಅವತ್ತ ಕೂತ ಬಿಡ್ತಿದ್ನೆಲ್ಲ," ಅಂದವರು, ಭುಜ ಓರೆ ಮಾಡಿಕೊಂಡು ಒಳಗೆ ಹೋದರು.